ಕಚ್ಚಿದ್ದು ಏನು? ಮೊದಲು ಜಾಗ ಹೇಳಿ, ಹೊತ್ತು ಹೇಳಿ

"ಏನೋ ಕಚ್ಚಿತು" ಎನ್ನುವವರ ಕೈಯಲ್ಲಿ ಹುಳು ಇರುವುದು ಅಪರೂಪ. ಇದ್ದರೂ ಚಪ್ಪಲಿಯೇಟಿಗೆ ಅಪ್ಪಚ್ಚಿಯಾಗಿ, ತಲೆ ಯಾವುದು ಬಾಲ ಯಾವುದು ತಿಳಿಯದಂತಾಗಿರುತ್ತದೆ. ಉಳಿಯುವುದು ಬಾತ ಬೆರಳು, ಕೆಂಪೇರಿದ ಕುತ್ತಿಗೆ, ಇಲ್ಲವೇ ರಾತ್ರಿಯಿಡೀ ಕೆರೆದು ಗಾಯವಾದ ಕಾಲು. ಕೀಟಶಾಸ್ತ್ರದ ಪುಸ್ತಕಗಳು ರೆಕ್ಕೆಯ ನರಗಳನ್ನು ಎಣಿಸಿ ಎನ್ನುತ್ತವೆ. ಉರಿಯುವ ಕೈ ಹಿಡಿದುಕೊಂಡು ನರ ಎಣಿಸುತ್ತ ಕೂರುವವರು ಯಾರು? ಎಲ್ಲಿ ಕಚ್ಚಿತು, ಯಾವ ಹೊತ್ತಿನಲ್ಲಿ ಕಚ್ಚಿತು, ಕಚ್ಚಿದ ಜಾಗದಲ್ಲಿ ಏನು ಉಳಿದಿದೆ ಎಂಬ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಹುಳುವನ್ನು ನೋಡದೆಯೂ ಅದರ ಕುಲ ಹೇಳಬಹುದು. ಬಣ್ಣವನ್ನು ಮಾತ್ರ ನಂಬಿ ಕೂರಬೇಡಿ. ಹಳದಿ-ಕಪ್ಪು ಪಟ್ಟೆಯ ಅಂಗಿ ತೊಟ್ಟು ಹೆದರಿಸುವ ನಿರುಪದ್ರವಿಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕರಾವಳಿಯ ಗಜನಿ ಗದ್ದೆ, ಮಲೆನಾಡಿನ ಹಳ್ಳ, ಬಯಲುಸೀಮೆಯ ಕೊಟ್ಟಿಗೆ, ಬೆಂಗಳೂರಿನ ಎತ್ತರದ ಅಪಾರ್ಟ್‌ಮೆಂಟು. ಈ ಒಂದೊಂದರಲ್ಲೂ ಕಚ್ಚುವವರ ಪಟ್ಟಿ ಬೇರೆ. ಊರು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಉರಿ ಮೊದಲೋ, ತುರಿ ಮೊದಲೋ

ಚುಚ್ಚಿದ ಕ್ಷಣದಲ್ಲೇ ಕಣ್ಣಲ್ಲಿ ನೀರು ಬರುವಷ್ಟು ಉರಿದರೆ ಅದು ಜೇನು, ಕಣಜ, ಇರುವೆಗಳ ಬಳಗ. ಇವು ಕುಟುಕುವುದು ಬಾಲದ ತುದಿಯ ಮುಳ್ಳಿನಿಂದ, ಅದೂ ತಮ್ಮನ್ನೋ ಗೂಡನ್ನೋ ಕಾಯ್ದುಕೊಳ್ಳಲು. ಹಾಗಾಗಿ ಇವು ಕುಟುಕಿವೆ ಎಂದರೆ ಹತ್ತಿರದಲ್ಲೇ ಗೂಡಿದೆ, ಇಲ್ಲವೇ ಹುಳು ನಿಮ್ಮ ಬಟ್ಟೆಯೊಳಗೆ ಸಿಕ್ಕಿಬಿದ್ದಿತ್ತು. ನೊಣ, ಸೊಳ್ಳೆ, ನುಸಿಗಳದ್ದು ಬಾಯಿಯ ಕೆಲಸ. ಅವಕ್ಕೆ ಬೇಕಾದದ್ದು ರಕ್ತ, ಅದೂ ಹೆಚ್ಚಿನವುಗಳಲ್ಲಿ ಹೆಣ್ಣಿಗೆ ಮಾತ್ರ, ಮೊಟ್ಟೆ ಬಲಿಯಲೆಂದು. ಕಚ್ಚಿದ್ದು ಗೊತ್ತೇ ಆಗದೆ ಸ್ವಲ್ಪ ಹೊತ್ತಿನ ಮೇಲೆ ತುರಿಕೆ ಎದ್ದರೆ ಸೊಳ್ಳೆ. ಕಚ್ಚುವಾಗಲೇ ಚುರ್ರೆಂದು ರಕ್ತದ ಹನಿ ಇಳಿದರೆ ಕುದುರೆ ನೊಣ. ಬೆಳಗ್ಗೆ ಎದ್ದಾಗ ಹೊದಿಕೆ ಮುಚ್ಚದ ಮೈಮೇಲೆ ಸಾಲಾಗಿ ಮೂರು-ನಾಲ್ಕು ದದ್ದು ಕಂಡರೆ ಹಾಸಿಗೆಯ ಹೊಲಿಗೆ, ಮಂಚದ ಸಂದು ನೋಡಿ: ತಿಗಣೆ. ಮೊಣಕಾಲಿನ ಕೆಳಗಷ್ಟೇ ಚುಕ್ಕೆ ಚುಕ್ಕೆ ಎದ್ದಿದ್ದು, ಮನೆಯಲ್ಲಿ ಬೆಕ್ಕೋ ನಾಯಿಯೋ ಇದ್ದರೆ ಚಿಗಟ. ಏನೂ ಕಚ್ಚಿದ ನೆನಪಿಲ್ಲ, ಆದರೆ ಮರುದಿನ ಚರ್ಮದ ಮೇಲೆ ಬೆಂದ ಹಾಗೆ ಗೀಟು ಎದ್ದಿದೆ ಎಂದರೆ ಅದರ ಕತೆಯೇ ಬೇರೆ, ಮುಂದೆ ಬರುತ್ತದೆ.

ಹುಳು ಕಣ್ಣಿಗೆ ಬಿದ್ದರೆ ಮೊದಲು ರೆಕ್ಕೆ ನೋಡಿ. ನೊಣಕ್ಕೆ ಎರಡೇ ರೆಕ್ಕೆ. ಜೇನು, ಕಣಜಗಳಿಗೆ ನಾಲ್ಕು. ಹೂವಿನ ಎದುರು ಗಾಳಿಯಲ್ಲಿ ನಿಂತಲ್ಲೇ ನಿಂತು, ಥಟ್ಟನೆ ಪಕ್ಕಕ್ಕೆ ಜಾರುವ ಪಟ್ಟೆಹುಳುವನ್ನು ಜೇನೆಂದು ಹೆದರುವವರು ಬಹಳ. ಅದು ಹೂನೊಣ. ತಲೆಯ ತುಂಬ ಕಣ್ಣು, ಮೀಸೆ ಕಾಣಿಸದಷ್ಟು ಚಿಕ್ಕದು, ಕುಟುಕಲು ಮುಳ್ಳೇ ಇಲ್ಲ. ಇನ್ನು ಪತಂಗಗಳು. ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ, ಹಲವಕ್ಕೆ ಗರಿಯಂತಹ ಮೀಸೆ. ನಮ್ಮಲ್ಲಿ ಮನೆಯೊಳಗೆ ಬರುವ ಯಾವ ಪತಂಗವೂ ಕುಟುಕುವುದಿಲ್ಲ. ಕಾಟವೇನಿದ್ದರೂ ಅವುಗಳ ಮರಿಗಳದ್ದು.

ಹೆಜ್ಜೇನು ತಲೆಯ ಮೇಲಿದ್ದಾಗ

ನಮ್ಮ ನಾಡಿನಲ್ಲಿ ಜನರನ್ನು ಆಸ್ಪತ್ರೆಗೆ ಸೇರಿಸುವ ಹುಳುಗಳಲ್ಲಿ ಹೆಜ್ಜೇನಿಗೇ ಮೊದಲ ಮಣೆ. ಉದ್ದ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್. ಹೊಗೆಬಣ್ಣದ ರೆಕ್ಕೆ, ಹೊಟ್ಟೆಯ ಮುಂಭಾಗ ಹಳದಿ, ಹಿಂಭಾಗ ಕಪ್ಪು. ಗೂಡು ಬಚ್ಚಿಟ್ಟದ್ದಲ್ಲ: ಎತ್ತರದ ಮರದ ಕೊಂಬೆ, ಬಂಡೆಯ ಚಾಚು, ನೀರಿನ ಟ್ಯಾಂಕಿನ ಅಡಿ, ಬಾಲ್ಕನಿಯ ಮಗ್ಗುಲಲ್ಲಿ ಬಯಲಿಗೇ ನೇತಾಡುವ ಒಂದೇ ಒಂದು ಹಲಗೆ. ಅಗಲ ಒಂದು ಮೀಟರಿಗೂ ಮಿಕ್ಕಿ ಇರಬಹುದು. ಹತ್ತಿರ ಏನಾದರೂ ಸುಳಿದರೆ ಗೂಡಿನ ಮೇಲಿನ ಹುಳುಗಳೆಲ್ಲ ಒಂದಾದ ಮೇಲೊಂದು ಹೊಟ್ಟೆ ಎತ್ತಿ, ಗೂಡಿನ ಮೇಲೆ ಅಲೆ ಓಡಿದಂತೆ ಕಾಣುತ್ತದೆ. ಅದು ಎಚ್ಚರಿಕೆ. ಆ ಅಲೆ ಕಂಡರೆ ಅಲ್ಲಿಂದ ಸದ್ದಿಲ್ಲದೆ ಹಿಂದೆ ಸರಿಯಿರಿ.

ಗೂಡು ಕಾಣದಿದ್ದರೂ ಅದರ ಸುಳಿವು ಕೆಳಗೇ ಸಿಗುತ್ತದೆ. ಮರದಡಿ ನಿಲ್ಲಿಸಿದ ಕಾರಿನ ಮೇಲೆ, ಒಣಹಾಕಿದ ಬಿಳಿ ಪಂಚೆಯ ಮೇಲೆ ಸಾಸಿವೆ ಗಾತ್ರದ ಹಳದಿ ಕಲೆಗಳು ನೂರಾರು ಬಿದ್ದಿದ್ದರೆ ಅದು ಹೆಜ್ಜೇನಿನ ಹಿಕ್ಕೆ. ಗುಂಪಾಗಿ ಹಾರಿ ಒಟ್ಟಿಗೇ ವಿಸರ್ಜಿಸುವುದು ಅವುಗಳ ಅಭ್ಯಾಸ. ಇನ್ನೊಂದು ಸುಳಿವು: ಬೆಳದಿಂಗಳಲ್ಲಿ ರಾತ್ರಿಯೂ ಹೂವಿಗೆ ಹೋಗುವ ಜೇನು ಇದು. ದಾರಿಯಲ್ಲಿ ಟ್ಯೂಬ್‌ಲೈಟ್ ಕಂಡರೆ ದಿಕ್ಕು ತಪ್ಪಿ ಮನೆಯೊಳಗೆ ಬರುತ್ತದೆ. ಬೆಳಗ್ಗೆ ವರಾಂಡದಲ್ಲಿ ಸೋತು ಬಿದ್ದ ದೊಡ್ಡ ಜೇನುಗಳನ್ನು ಬರಿಗಾಲಲ್ಲಿ ಮೆಟ್ಟಿ ಕುಟುಕಿಸಿಕೊಳ್ಳುವವರೇ ಪಟ್ಟಣಗಳಲ್ಲಿ ಹೆಚ್ಚು. ರಾತ್ರಿ ಬಾಲ್ಕನಿಯ ದೀಪ ಆರಿಸಿ, ಪರದೆ ಎಳೆದರೆ ಅರ್ಧ ತೊಂದರೆ ತಪ್ಪುತ್ತದೆ.

ಹೆಜ್ಜೇನು ಕಾರಣವಿಲ್ಲದೆ ಏಳುವುದಿಲ್ಲ. ಕೆಳಗೆ ಹಾಕಿದ ಬೆಂಕಿಯ ಹೊಗೆ, ಪಟಾಕಿ, ಕಲ್ಲು, ಡ್ರಿಲ್ಲಿನ ಅದುರು ಇವೆಲ್ಲ ಸರಿಯೇ. ಆದರೆ ಪತ್ರಿಕೆಗಳಲ್ಲಿ ಬರುವ "ಏಕಾಏಕಿ ದಾಳಿ"ಗಳಲ್ಲಿ ಕೆಲವಕ್ಕೆ ಕಾರಣ ಆಕಾಶದಲ್ಲಿರುತ್ತದೆ. ಜೇನುಗಿಡುಗ ಎಂಬ ಹಕ್ಕಿ ಗೂಡಿಗೆ ಎರಗಿ ಹಲಗೆಯ ತುಂಡು ಕಿತ್ತೊಯ್ಯುತ್ತದೆ. ಸಿಟ್ಟೆದ್ದ ಹುಳುಗಳ ಕೈಗೆ ಸಿಗುವವರು ಕೆಳಗೆ ಮದುವೆಯೂಟಕ್ಕೆ ಕುಳಿತ ಪಾಪದವರು. ಗೂಡಿರುವ ಮರದಡಿ ಶಾಮಿಯಾನ ಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ.

ದಾಳಿಯಾದರೆ ಓಡಿ. ಕೈ ಬೀಸಬೇಡಿ. ಅಂಗಿಯನ್ನೋ ಸೆರಗನ್ನೋ ಮುಖಕ್ಕೆ ಎಳೆದುಕೊಂಡು, ಕಣ್ಣು-ಮೂಗು-ಬಾಯಿ ಕಾಪಾಡಿಕೊಂಡು, ಬಾಗಿಲು ಹಾಕಬಹುದಾದ ಮನೆಗೋ ಕಾರಿಗೋ ಸೇರಿಕೊಳ್ಳಿ. ಎರಡು ಹೆಜ್ಜೆ ಓಡಿ ನಿಲ್ಲಬೇಡಿ, ಅವು ನೂರಾರು ಮೀಟರ್ ಬೆನ್ನಟ್ಟುತ್ತವೆ. ಕೆರೆಗೆ ಹಾರುವುದು ಸಿನಿಮಾದ ಉಪಾಯ. ಉಸಿರಿಗೆ ತಲೆ ಎತ್ತಿದಾಗ ಅವು ಅಲ್ಲೇ ಕಾದಿರುತ್ತವೆ, ಈಜು ಬಾರದವರ ಗತಿ ಹೇಳಬೇಕಾಗಿಲ್ಲ. ಕುಟುಕಿದ ಜೇನು ಮುಳ್ಳನ್ನು ವಿಷದ ಚೀಲದ ಸಮೇತ ಚರ್ಮದಲ್ಲೇ ಬಿಟ್ಟುಹೋಗುತ್ತದೆ. ಆ ಚೀಲ ತನ್ನಷ್ಟಕ್ಕೆ ವಿಷ ಹಿಂಡುತ್ತಲೇ ಇರುತ್ತದೆ, ಜೊತೆಗೆ ಮಾಗಿದ ಬಾಳೆಹಣ್ಣಿನ ವಾಸನೆಯ ರಾಸಾಯನಿಕವನ್ನು ಹರಡಿ ಉಳಿದವನ್ನೂ ಕರೆಯುತ್ತದೆ. ಸುರಕ್ಷಿತ ಜಾಗ ಸೇರಿದ ಕೂಡಲೇ ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ ಕೆರೆದು ತೆಗೆಯಿರಿ. ಚಿಮುಟಿಗೆ ಹಿಡಿದರೆ ವಿಷ ಹಿಂಡಿದಂತಾಗುತ್ತದೆ ಎಂಬ ಚರ್ಚೆಯಲ್ಲಿ ಕಾಲ ಕಳೆಯಬೇಡಿ. ಹೇಗಾದರೂ ಸರಿ, ಬೇಗ ತೆಗೆಯುವುದು ಮುಖ್ಯ.

ಅಪಾರ್ಟ್‌ಮೆಂಟುಗಳಲ್ಲಿ ರಾತ್ರೋರಾತ್ರಿ ವಿಷ ಹೊಡೆಸಿ ಗೂಡು ಉದುರಿಸುವ ಚಾಳಿ ಬೆಳೆದಿದೆ. ನನಗೆ ಇದು ದುಡ್ಡು ದಂಡ ಎನಿಸುತ್ತದೆ. ಹೆಜ್ಜೇನು ವಲಸೆಯ ಜೇನು, ಹೂವಿನ ಕಾಲ ಮುಗಿದರೆ ಹಲಗೆ ಬಿಟ್ಟು ತಾನೇ ಎದ್ದು ಹೋಗುತ್ತದೆ. ಮುಂದಿನ ವರ್ಷ ಅದೇ ಚಾಚಿಗೆ ಮತ್ತೆ ಬರುವುದೂ ಉಂಟು, ವಿಷ ಹೊಡೆದಿರಲಿ ಬಿಟ್ಟಿರಲಿ.

ಉಳಿದ ಜೇನುಗಳಲ್ಲಿ ಹೆದರುವಂಥದ್ದು ಕಡಿಮೆ. ಮರದ ಪೊಟರೆ, ಗೋಡೆಯ ಸಂದು, ಮಲೆನಾಡಿನ ಮನೆಗಳ ಜೇನುಪೆಟ್ಟಿಗೆಗಳಲ್ಲಿ ಹಲವು ಹಲಗೆ ಕಟ್ಟುವುದು ತುಡುವೆ. ಬೇಲಿಯ ಕಡ್ಡಿಗೆ ಅಂಗೈಯಗಲದ ಒಂದೇ ಹಲಗೆ ಕಟ್ಟುವ ಪುಟ್ಟದ್ದು ಕೋಲುಜೇನು, ಹೊಟ್ಟೆಯ ಬುಡ ಕೆಂಗಂದು. ಕರಾವಳಿಯವರು ಮುಜಂಟಿ, ಉತ್ತರ ಕನ್ನಡದವರು ಮಿಸರಿ ಎನ್ನುವ ಸೊಳ್ಳೆ ಗಾತ್ರದ ಕಪ್ಪು ಜೇನಿಗೆ ಕುಟುಕಲು ಬರುವುದೇ ಇಲ್ಲ, ಗೂಡಿನ ಬಾಯಲ್ಲಿ ಮೇಣದ ಕೊಳವೆ ಇರುತ್ತದೆ. ಬಿದಿರಿನ ಗಳಕ್ಕೆ ದುಂಡಗೆ ತೂತು ಕೊರೆದು ಗುಂಯ್ಗುಟ್ಟುವ ಕರಿದುಂಬಿಯೂ ಅಷ್ಟೆ. ಗಂಡಿಗೆ ಮುಳ್ಳಿಲ್ಲ, ಹೆಣ್ಣು ಕೈಯಲ್ಲಿ ಹಿಡಿದರೆ ಮಾತ್ರ ಕುಟುಕುತ್ತದೆ.

ಕಣಜ: ಗೂಡು ನೋಡಿ ಗುಣ ಹೇಳಿ

ಕಣಜ ಮುಳ್ಳು ಬಿಟ್ಟುಹೋಗುವುದಿಲ್ಲ. ಒಂದೇ ಹುಳು ಮತ್ತೆ ಮತ್ತೆ ಕುಟುಕಬಲ್ಲದು. ಚರ್ಮದಲ್ಲಿ ಮುಳ್ಳಿಲ್ಲದೆ ಉರಿ ಮಾತ್ರ ಇದ್ದರೆ ಕಣಜವೋ ಇರುವೆಯೋ ಎಂದು ತಿಳಿಯಿರಿ.

ಕಿಟಕಿಯ ಸಜ್ಜಾದ ಅಡಿ, ಮಾಡಿನ ಅಂಚಿನಲ್ಲಿ ಬೂದು ಕಾಗದದ ಕೋಣೆಗಳು ತೆರೆದು ಕಾಣುತ್ತ ತೂಗುತ್ತಿದ್ದರೆ ಅದು ಕಾಗದದ ಕಣಜ. ಮರದ ನಾರು ಅಗಿದು ಎಂಜಲು ಬೆರೆಸಿ ಕಟ್ಟಿದ್ದು. ಕೆಂಗಂದು ಮೈ, ಹೊಟ್ಟೆಗೆ ಒಂದು ಹಳದಿ ಉಂಗುರ ಇರುವ ರೋಪಾಲಿಡಿಯಾ ಮಾರ್ಜಿನೇಟ ಬೆಂಗಳೂರಿನ ಹಳೆಯ ಕಟ್ಟಡಗಳಲ್ಲಿ ಮಾಮೂಲು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿ ಲೋಕಪ್ರಸಿದ್ಧ ಮಾಡಿದ್ದು ಇದೇ ಹುಳುವನ್ನು. ಅದರ ರಾಣಿ ಗೂಡಿನಲ್ಲೇ ಅತ್ಯಂತ ಸಾಧು. ರಾಣಿಯನ್ನು ತೆಗೆದರೆ ಕೆಲಸಗಾರರಲ್ಲೊಂದು ತಕ್ಷಣ ಜಗಳಗಂಟಿಯಾಗಿ ಪಟ್ಟಕ್ಕೆ ನಿಲ್ಲುತ್ತದೆ, ಆಮೇಲೆ ಅದೂ ಸಾಧುವಾಗುತ್ತದೆ. ಗೂಡನ್ನು ಮುಟ್ಟದಿದ್ದರೆ ಈ ಕಣಜ ನಮ್ಮ ಗೊಡವೆಗೆ ಬರುವುದಿಲ್ಲ. ಕಸಬರಿಗೆ ತಾಗಿಸಿ ಧೂಳು ಹೊಡೆಯುವವರಿಗೆ, ಕಾಣದೆ ಕಿಟಕಿ ತೆರೆಯುವವರಿಗೆ ಏಟು.

ಹೆದರಬೇಕಾದದ್ದು ದೊಡ್ಡ ಕಣಜಕ್ಕೆ. ಕಪ್ಪು ಮೈ, ಹೊಟ್ಟೆಯ ಮುಂಭಾಗದಲ್ಲಿ ಅಗಲವಾದ ಹಳದಿ ಪಟ್ಟಿ, ಎರಡೂವರೆ ಸೆಂಟಿಮೀಟರ್‌ವರೆಗೆ ಉದ್ದ. ದೂರದಿಂದಲೂ ಗುರುತು ಹಿಡಿಯಬಹುದು. ಒಂದು ಜಾತಿ ಅಡಿಕೆ ತೋಟ, ಮರ, ಹೆಂಚಿನ ಮಾಡಿನಲ್ಲಿ ಚೆಂಡಿನಾಕಾರದ ಮುಚ್ಚಿದ ಗೂಡು ಕಟ್ಟುತ್ತದೆ. ಇನ್ನೊಂದು ನೆಲದ ಬಿಲ, ಮರದ ಪೊಟರೆಯಲ್ಲಿ. ನೆಲದ್ದೇ ಅಪಾಯ ಹೆಚ್ಚು, ಸೊಪ್ಪು ಕಡಿಯುವವರು, ಕಳೆ ಕೊಚ್ಚುವ ಯಂತ್ರ ಹಿಡಿದವರು ಕಾಣದೆ ಮೇಲೆ ಕಾಲಿಡುತ್ತಾರೆ. ಕೊಚ್ಚುವ ಮೊದಲು ಒಂದು ಗಳಿಗೆ ನಿಂತು ನೋಡಿ. ಒಂದೇ ತೂತಿನಿಂದ ದೊಡ್ಡ ಹುಳುಗಳು ಹೋಗಿ ಬರುತ್ತಿದ್ದರೆ ಆ ಮೂಲೆ ಬಿಟ್ಟುಬಿಡಿ. ಈ ದೊಡ್ಡ ಕಣಜ ಕಾಗದದ ಕಣಜಗಳ ಗೂಡಿಗೆ ನುಗ್ಗಿ ಅವುಗಳ ಮರಿಗಳನ್ನು ಹೊತ್ತೊಯ್ಯುತ್ತದೆ. ಹೀಗಾಗಿ ಸಜ್ಜಾದ ಬಳಿ ಇದು ಸುಳಿದಾಡಿದರೆ ನಿಮ್ಮನ್ನು ಹುಡುಕಿಕೊಂಡು ಬಂದದ್ದೇನಲ್ಲ.

ಮಣ್ಣಿನ ಗೂಡು ಕಂಡರೆ ನಿಶ್ಚಿಂತೆ. ಪುಸ್ತಕದ ಬೆನ್ನಿಗೆ, ಸ್ವಿಚ್‌ಬೋರ್ಡಿನ ಹಿಂದೆ, ದೇವರ ಪಟದ ಮೂಲೆಗೆ ಕೆಸರು ಮೆತ್ತಿ ಹೋಗುವ, ಸೊಂಟ ದಾರದಷ್ಟು ಸಪೂರವಿರುವ ಕುಂಬಾರ ಹುಳು ಒಂಟಿ ಜೀವಿ. ಆ ಮಣ್ಣನ್ನು ಒಡೆದು ನೋಡಿ, ಒಳಗೆ ಅರೆಜೀವದ ಜೇಡಗಳು ತುಂಬಿರುತ್ತವೆ, ಮರಿಗೆ ಬುತ್ತಿ. ಚಿಕ್ಕ ಮಡಕೆಯಂತಹ ದುಂಡು ಗೂಡಿನಲ್ಲಾದರೆ ಜೇಡದ ಬದಲು ಕಂಬಳಿಹುಳುಗಳ ಜಾತಿಯ ಮರಿಗಳು. ಕಾಯಬೇಕಾದ ಸಂಸಾರ ದೊಡ್ಡದಿಲ್ಲದ್ದರಿಂದ ಇವು ಯಾರ ಮೇಲೂ ಏರಿ ಬರುವುದಿಲ್ಲ.

ಇರುವೆಗಳ ವಿಷಯ ಎರಡು ಮಾತಿನಲ್ಲಿ. ಮಾವು, ಗೇರು ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗೆ ಮುಳ್ಳಿಲ್ಲ. ಕಚ್ಚಿ, ಕಚ್ಚಿದಲ್ಲಿಗೆ ಆಮ್ಲ ಚಿಮ್ಮಿಸುತ್ತದೆ. ಮಲೆನಾಡಿಗರು ಚಟ್ನಿ ಮಾಡುವುದೂ ಆ ಹುಳಿಗಾಗಿಯೇ. ಆದರೆ ಮರದ ತೊಗಟೆಯ ಮೇಲೆ ಒಂಟಿಯಾಗಿ ಓಡಾಡುವ, ತಲೆ-ಹೊಟ್ಟೆ ಕಪ್ಪು, ನಡುಭಾಗ ಇಟ್ಟಿಗೆಗೆಂಪು ಇರುವ ಸಪೂರ ಇರುವೆಯನ್ನು ಮಕ್ಕಳಿಗೆ ತೋರಿಸಿಡಿ. ಅದರ ಕುಟುಕು ಕಣಜದಷ್ಟೇ ಉರಿ, ಕೆಲವರಿಗೆ ಮೈಯೆಲ್ಲ ದದ್ದೇಳುವ ಅಲರ್ಜಿಯೂ ಆಗುತ್ತದೆ.

ರಕ್ತಕ್ಕೆ ಬರುವ ನೊಣಗಳು

ಮಲೆನಾಡಿನಲ್ಲಿ ಹರಿಯುವ ಹಳ್ಳದ ಬಂಡೆ ಮೇಲೆ ಕೂತಾಗ ಹಗಲಲ್ಲೇ ಕಚ್ಚುವ, ಗೂನುಬೆನ್ನಿನ ಮೂರು ಮಿಲಿಮೀಟರಿನ ಕರಿನೊಣವೆಂದರೆ ಸಿಮ್ಯುಲಿಯಂ. ಇದರ ಮರಿಗಳು ಓಡುವ ನೀರಿನ ಕಲ್ಲಿಗೆ ಅಂಟಿಕೊಂಡು ಬೆಳೆಯುತ್ತವೆ, ನಿಂತ ನೀರು ಆಗದು. ಕಚ್ಚಿದ ಜಾಗದ ನಡುವೆ ಕೆಂಪು ರಕ್ತದ ಚುಕ್ಕಿ, ಸುತ್ತ ಬಾವು, ದಿನಗಟ್ಟಲೆ ತುರಿಕೆ. ಕರಾವಳಿಯ ಅಳಿವೆಗಳ ಕಾಂಡ್ಲಾ ಕೆಸರಿನ ಪಕ್ಕ, ಸೂರ್ಯ ಮುಳುಗುವ ಹೊತ್ತಿಗೆ ಏನೂ ಕಾಣದೆ ಕಾಲಿಡೀ ಚುಳ್ ಚುಳ್ ಎಂದರೆ ಕ್ಯೂಲಿಕಾಯ್ಡಿಸ್ ಎಂಬ ನುಸಿ. ಒಂದೆರಡು ಮಿಲಿಮೀಟರ್ ಗಾತ್ರದ್ದಾದ್ದರಿಂದ ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಜೋರಾಗಿ ಫ್ಯಾನು ಹಾಕಿದರೆ ಹಾರಲಾರದು, ಅದಕ್ಕಿಂತ ಅಗ್ಗದ ಔಷಧವಿಲ್ಲ. ಇದೇ ನುಸಿಯ ಬಂಧುಗಳು ಬಯಲುಸೀಮೆಯಲ್ಲಿ ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುತ್ತವೆ, ಕುರಿಗಾಹಿಗಳು ಈ ಹೆಸರು ಕೇಳಿದರೆ ಬೆಚ್ಚುತ್ತಾರೆ.

ಕೊಟ್ಟಿಗೆಯಲ್ಲಿ ಒಂದು ನೊಣ ಇದೆ. ನೋಡಲು ಥೇಟ್ ಮನೆನೊಣ. ಆದರೆ ಗೋಡೆಯ ಮೇಲೆ ತಲೆ ಮೇಲಾಗಿ ಕೂರುತ್ತದೆ, ಬಾಯಿಂದ ಒಂದು ಗಟ್ಟಿ ಸೂಜಿ ಮುಂದಕ್ಕೆ ಚಾಚಿರುತ್ತದೆ. ಮನೆನೊಣಕ್ಕಾದರೆ ಮೆತ್ತಗಿನ ಸೊಂಡಿಲು, ಅದು ಕಚ್ಚಲಾರದು. "ಮಳೆ ಬರುವಾಗ ಮನೆನೊಣವೂ ಕಚ್ಚುತ್ತದೆ" ಎಂಬ ಮಾತು ಹುಟ್ಟಿದ್ದು ಈ ಸ್ಟೊಮಾಕ್ಸಿಸ್ ನೊಣದಿಂದ. ಗಂಡು, ಹೆಣ್ಣು ಎರಡೂ ರಕ್ತ ಕುಡಿಯುತ್ತವೆ. ದನಗಳು ಸುಮ್ಮನೆ ನಿಂತಲ್ಲೇ ಮುಂಗಾಲು ಝಾಡಿಸುತ್ತಿದ್ದರೆ ಕಾಲನ್ನು ಬಾಗಿ ನೋಡಿ, ಸಾಲಾಗಿ ಕೂತಿರುತ್ತವೆ. ಗಂಜಲದಲ್ಲಿ ನೆನೆದು ಕೊಳೆತ ಹುಲ್ಲೇ ಇದರ ತೊಟ್ಟಿಲು. ಕೊಟ್ಟಿಗೆಯ ಮೂಲೆಯ ಆ ಹುಲ್ಲನ್ನು ವಾರಕ್ಕೊಮ್ಮೆ ಗೊಬ್ಬರದ ಗುಂಡಿಗೆ ಎಳೆದು ಹಾಕಿದರೆ ಸಿಂಪಡಣೆಗಿಂತ ಹೆಚ್ಚು ಫಲ. 2022ರಲ್ಲಿ ನಮ್ಮ ದನಗಳನ್ನು ಕಾಡಿದ ಚರ್ಮಗಂಟು ರೋಗ ಹರಡುವುದರಲ್ಲಿ ಇಂಥ ಕಚ್ಚುವ ನೊಣ, ಸೊಳ್ಳೆಗಳ ಪಾಲು ಇದೆ.

ಕುದುರೆ ನೊಣ ದೊಡ್ಡದು, ಕಣ್ಣು ಹಸಿರಾಗಿ ಮಿನುಗುತ್ತದೆ, ಬಿಸಿಲಲ್ಲಿ ಬರುತ್ತದೆ. ಕಪ್ಪಾಗಿ ಚಲಿಸುವುದನ್ನೆಲ್ಲ ಹಿಂಬಾಲಿಸುತ್ತದೆ. ಅದು ಚುಚ್ಚುವುದಲ್ಲ, ಕೊಯ್ಯುವುದು. ಅದಕ್ಕೇ ರಕ್ತ ಇಳಿಯುತ್ತದೆ. ಕಾಡಂಚಿನ ಕೆರೆಯ ಬಳಿ ತಿಳಿಬಣ್ಣದ ಬಟ್ಟೆ ಹಾಕಿದರೆ ಸ್ವಲ್ಪ ಬಚಾವು.

ಮರಳು ನೊಣವನ್ನು ಗುರುತಿಸುವುದು ಕೂತಾಗ. ಮಣ್ಣಿನ ಗೋಡೆಯ ಬಿರುಕಿನ ಬಳಿ, ಎರಡು-ಮೂರು ಮಿಲಿಮೀಟರಿನ ರೋಮದ ಹುಳು ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಎತ್ತಿ ಕೂತಿದ್ದರೆ ಅದೇ. ಸದ್ದಿಲ್ಲ, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. 2024ರ ಮಳೆಗಾಲದಲ್ಲಿ ಗುಜರಾತಿನಲ್ಲಿ ಮಕ್ಕಳನ್ನು ಬಲಿತೆಗೆದುಕೊಂಡ ಚಂಡೀಪುರ ವೈರಸ್ಸನ್ನು ಹರಡುವುದು ಇಂಥ ನೊಣ. 1965ರಲ್ಲಿ ಆ ವೈರಸ್ ಮೊದಲು ಸಿಕ್ಕ ಊರು ಮಹಾರಾಷ್ಟ್ರದ್ದು. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿ ಸಾರಿಸುವ ಹಳೆಯ ಪದ್ಧತಿ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಮಲೆನಾಡಿನ ಉಣುಗನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ, ಅದು ಕೀಟವಲ್ಲದಿದ್ದರೂ. ಬೆಳೆದ ಉಣುಗಿಗೆ ಎಂಟು ಕಾಲು, ರೆಕ್ಕೆ ಇಲ್ಲ, ನೋವಿಲ್ಲದೆ ಕಚ್ಚಿ ದಿನಗಟ್ಟಲೆ ಅಂಟಿಕೊಂಡಿರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಇದರ ಗಸಗಸೆಯಷ್ಟು ಸಣ್ಣ ಮರಿಗಳು. ಬೇಸಿಗೆಯಲ್ಲಿ ದರಗು ಗುಡಿಸಿ ಬಂದವರು ಬಿಸಿನೀರಿನಲ್ಲಿ ಮೈ ತೊಳೆದು, ಬಟ್ಟೆ ಬದಲಿಸಿ, ಕಂಕುಳು-ತೊಡೆಸಂದು ನೋಡಿಕೊಳ್ಳಲೇಬೇಕು.

"ಸರ್ಪಸುತ್ತು" ಅಲ್ಲದ ಸರ್ಪಸುತ್ತು

ಮಳೆ ಬಿದ್ದ ದಿನಗಳಲ್ಲಿ ಹಾಸ್ಟೆಲು, ಗದ್ದೆ ಬಯಲಿನ ಪಕ್ಕದ ಮನೆಗಳಲ್ಲಿ ಬೆಳಗ್ಗೆ ಎದ್ದವರ ಕುತ್ತಿಗೆಯ ಮೇಲೆ, ಕೆನ್ನೆಯ ಮೇಲೆ ಕೆಂಪು ಗೀಟು. ಸಂಜೆಯೊಳಗೆ ಅದರ ಮೇಲೆ ಕೀವಿನ ಗುಳ್ಳೆ. ಮೊಣಕೈ ಮಡಚುವಲ್ಲಿ ಆಗಿದ್ದರೆ ಎರಡೂ ಬದಿಗೆ ಒಂದೇ ಆಕಾರದ ಗಾಯ. ಮನೆಯವರು ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿದು ಹರಕೆ ಹೊರುವಷ್ಟರಲ್ಲಿ ಅಸಲಿ ಅಪರಾಧಿ ಟ್ಯೂಬ್‌ಲೈಟಿನ ಕೆಳಗೆ ಓಡಾಡುತ್ತಿರುತ್ತದೆ. ಪೀಡೆರಸ್ ಎಂಬ ದುಂಬಿಜಾತಿಯ ಹುಳು ಅದು. ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಇರುವೆಯೆಂದೇ ಮೋಸಹೋಗಬಹುದು. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿಹಸಿರಿನ ಮೋಟು ಕವಚ, ಹೊಟ್ಟೆ ಮತ್ತೆ ಕಿತ್ತಳೆ, ತುದಿ ಕಪ್ಪು. ಓಡುವಾಗ ಬಾಲ ಮೇಲಕ್ಕೆ ಬಾಗಿಸುತ್ತದೆ.

ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಿದ್ದೆಗಣ್ಣಿನಲ್ಲಿ ನಾವೇ ಅದನ್ನು ಉಜ್ಜಿ ಜಜ್ಜುತ್ತೇವೆ, ಅದರ ರಕ್ತದಲ್ಲಿರುವ ಪೀಡರಿನ್ ಎಂಬ ವಿಷ ಚರ್ಮವನ್ನು ಸುಡುತ್ತದೆ. ಗುರುತು ಏಳುವುದು ಮರುದಿನವೋ ಅದರ ಮರುದಿನವೋ ಆದ್ದರಿಂದ ಯಾರಿಗೂ ಹುಳದ ಮೇಲೆ ಅನುಮಾನ ಬರುವುದಿಲ್ಲ. ಸರ್ಪಸುತ್ತಿನಲ್ಲಿ ನೋವು ಮೊದಲು ಬಂದು ಗುಳ್ಳೆ ಆಮೇಲೆ, ಮೈಯ ಒಂದೇ ಮಗ್ಗುಲಿಗೆ ಪಟ್ಟಿಯಾಗಿ ಏಳುತ್ತದೆ. ಅನುಮಾನವಿದ್ದರೆ ಚರ್ಮವೈದ್ಯರು ನೋಡಿದ ಕೂಡಲೇ ಹೇಳುತ್ತಾರೆ. ಮೈಮೇಲೆ ಈ ಹುಳು ಕಂಡರೆ ಹೊಡೆಯದೆ ಊದಿ ಬೀಳಿಸಿ, ಸೋಪು ಹಾಕಿ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ.

ಪತಂಗಗಳು ಮತ್ತು ಅವುಗಳ ಮರಿಗಳು

ದೀಪಕ್ಕೆ ಬರುವ ದೊಡ್ಡ ಪತಂಗ ಕಂಡು ಕಿರುಚುವವರಿಗೆ ಒಂದು ಸಮಾಧಾನ. ಪಶ್ಚಿಮಘಟ್ಟದ ಅಟ್ಲಾಸ್ ಪತಂಗ ಅಂಗೈಗಿಂತ ಅಗಲವಾಗಿ ಬಾಗಿಲಿಗೆ ಅಂಟಿ ಕೂತರೂ ಅದಕ್ಕೆ ಉಣ್ಣಲು ಬಾಯೇ ಇಲ್ಲ. ಮರಿಯಾಗಿದ್ದಾಗ ತಿಂದದ್ದರ ಮೇಲೆ ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಬೆನ್ನಿನ ಮೇಲೆ ತಲೆಬುರುಡೆಯಂಥ ಗುರುತಿರುವ, ಹಿಡಿದರೆ ಕೀಚ್ ಎನ್ನುವ ಪತಂಗ ಜೇನುಪೆಟ್ಟಿಗೆಗೆ ನುಗ್ಗಿ ತುಪ್ಪ ಕದಿಯುತ್ತದೆಯೇ ಹೊರತು ಮನುಷ್ಯರಿಗೆ ಏನೂ ಮಾಡದು. ಹುಲ್ಲಿನ ಮೇಲೆ ಹಗಲಲ್ಲಿ ನಿಧಾನ ಹಾರುವ, ಕರಿರೆಕ್ಕೆಯಲ್ಲಿ ಗಾಜಿನ ಕಿಟಕಿಗಳಿದ್ದು ಹೊಟ್ಟೆಗೆ ಹಳದಿ ಪಟ್ಟಿಯಿರುವುದು ಕಣಜದ ವೇಷ ಹಾಕಿದ ಪತಂಗ. ಕಣಜ ಇಷ್ಟು ಸೋಮಾರಿಯಾಗಿ ಹಾರುವುದಿಲ್ಲ.

ಮರಿಗಳ ವಿಷಯಕ್ಕೆ ಬಂದರೆ ಮೊದಲು ಒಂದು ತಪ್ಪು ಭಯ ಬಿಡಿ. ನಂದಿಬಟ್ಟಲು, ಕಣಗಲೆ ಗಿಡದಲ್ಲಿ ಬೆರಳಗಾತ್ರದ ಹಸಿರು ಹುಳು, ಎದೆಯ ಮೇಲೆ ನೀಲಿ ಕಣ್ಣು, ಬಾಲಕ್ಕೆ ಕೊಂಬು. ಆ ಕೊಂಬು ಬರೀ ತೋರಿಕೆ, ಮುಟ್ಟಿದರೂ ಏನೂ ಆಗದು. ಮೈ ನುಣುಪಾಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ.

ಮುಟ್ಟಬಾರದ್ದು ಎರಡು ಬಗೆ. ಒಂದು, ಮುಳ್ಳಿನದು. ತೆಂಗು, ಮಾವು, ಹರಳು ಗಿಡದ ಎಲೆಯ ಅಡಿ ಗುಂಪಾಗಿರುವ, ಕಾಲುಗಳೇ ಕಾಣದೆ ಜಾರುವ ಗಿಡ್ಡ ಹಸಿರು ಹುಳು. ಬೆನ್ನುದ್ದಕ್ಕೂ ನೀಲಿ ಗೆರೆ, ಎರಡೂ ಬದಿ ಮುಳ್ಳಿನ ಕುಚ್ಚು. ಪ್ರತಿ ಮುಳ್ಳಿನ ಬುಡದಲ್ಲಿ ವಿಷ. ತೆಂಗಿನ ಗರಿ ಎಳೆಯುವವರ ಬರಿಮೈಗೆ ತಾಗಿದರೆ ಗಂಟೆಗಟ್ಟಲೆ ಸೆಳೆತದ ಉರಿ. ಕುಟುಕಿಸಿಕೊಂಡವರು ಬಹುತೇಕ ಹುಳುವನ್ನು ನೋಡಿರುವುದೇ ಇಲ್ಲ. ಎಲೆ ತಿರುವಿ ನೋಡಿದರೆ ಅಲ್ಲೇ ಇರುತ್ತದೆ. ಇದೇ ದೊಡ್ಡದಾಗಿ ಹಸಿರು ರೆಕ್ಕೆಯ ಚಂದದ ಪತಂಗವಾಗುತ್ತದೆ.

ಇನ್ನೊಂದು, ಕೂದಲಿನದು. ನುಗ್ಗೆ ಮರದ ಕಾಂಡದಲ್ಲಿ ಹಗಲೆಲ್ಲ ಒಂದರ ಮೇಲೊಂದು ಬಿದ್ದು ಚಾಪೆಯಂತೆ ಮುತ್ತಿಕೊಳ್ಳುವ ಕಂಬಳಿಹುಳು ಎಲ್ಲರಿಗೂ ಗೊತ್ತು. ಇದರ ಕೂದಲು ಉದುರಿ ಗಾಳಿಯಲ್ಲಿ ಹಾರುತ್ತದೆ, ಮರದಡಿ ಒಣಹಾಕಿದ ಬನಿಯನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಹಾಕಿಕೊಂಡ ಮೇಲೆ ಮೈಯೆಲ್ಲ ತುರಿಕೆ, ಕಚ್ಚಿದ ಹುಳು ಮಾತ್ರ ಎಲ್ಲೂ ಇಲ್ಲ! ಪಂಜು ಹಿಡಿದು ಸುಡುವುದು ರೂಢಿ. ಸುಟ್ಟ ಕೂದಲೂ ಹಾರುತ್ತದೆ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಸೋಪಿನ ನೀರು ಸಿಂಪಡಿಸಿ ಕೆರೆದು ಬೀಳಿಸುವುದು ಇನ್ನೂ ವಾಸಿ. ಶೇಂಗಾ ಬೆಳೆವ ಬಯಲುಸೀಮೆಯಲ್ಲಿ ಮುಂಗಾರಿನ ಮೊದಲ ಹದ ಮಳೆಯಾದ ಮೇಲೆ ಬೀದಿದೀಪಕ್ಕೆ ಕಂದು ರೆಕ್ಕೆಯಲ್ಲಿ ಬಿಳಿ ಗೀರಿನ ಪತಂಗಗಳು ಮುತ್ತಿದರೆ, ಕೆಲವೇ ದಿನದಲ್ಲಿ ಕೆಂಪು ಕಂಬಳಿಹುಳು ಹೊಲಕ್ಕಿಳಿಯಲಿದೆ ಎಂದರ್ಥ. ರೈತರು ಸಂಜೆ ಹೊಲದ ಬದುವಿನಲ್ಲಿ ಬೆಂಕಿ ಹಾಕಿ ಪತಂಗಗಳನ್ನು ಸೆಳೆಯುವುದು ಇದಕ್ಕೇ.

ಕಂಬಳಿಹುಳು ತಾಗಿದ ಜಾಗ ಉಜ್ಜಬೇಡಿ, ಕೂದಲು ಇನ್ನಷ್ಟು ಒಳಗಿಳಿಯುತ್ತದೆ. ಪಾರ್ಸೆಲ್ಲಿಗೆ ಅಂಟಿಸುವ ಸೆಲೋಟೇಪನ್ನು ಮೇಲೊತ್ತಿ ಕಿತ್ತು ನೋಡಿ, ಟೇಪಿನ ತುಂಬ ಕೂದಲು ಕಾಣುತ್ತದೆ. ನಾಲ್ಕಾರು ಸಲ ಹೀಗೆ ಮಾಡಿ ಆಮೇಲೆ ಸೋಪುನೀರು. ಕಣ್ಣಿಗೆ ಬಿದ್ದಿದ್ದರೆ ನೀರು ಹಾಕುತ್ತ ನೇತ್ರವೈದ್ಯರ ಬಳಿಗೆ, ಮನೆಮದ್ದು ಬೇಡವೇ ಬೇಡ.

ಸುಣ್ಣ ಮತ್ತು 108

ಕುಟುಕಿದ ಜಾಗಕ್ಕೆ ಸುಣ್ಣ ಹಚ್ಚುವ ಅಭ್ಯಾಸ ನಿಲ್ಲಬೇಕು. ವಿಷ ಚರ್ಮದ ಒಳಗಿರುತ್ತದೆ, ಸುಣ್ಣ ಮೇಲಿನ ಚರ್ಮವನ್ನು ಸುಡುವುದಷ್ಟೇ. ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟು, ಉಂಗುರ-ಬಳೆ ಬಾವು ಬರುವ ಮೊದಲೇ ತೆಗೆದರೆ ಒಂದೆರಡು ಕುಟುಕಿಗೆ ಸಾಕು. ತುರಿಕೆಗೆ ಸಿಟ್ರಿಜಿನ್ ಮಾತ್ರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು.

ಆದರೆ ಕುಟುಕಿದ ಜಾಗವಲ್ಲದೆ ಬೇರೆಡೆಯೂ ದದ್ದು ಎದ್ದರೆ, ತುಟಿ-ನಾಲಿಗೆ ಬಾತರೆ, ಧ್ವನಿ ಒಡೆದರೆ, ಉಸಿರು ಕಟ್ಟಿದರೆ, ವಾಂತಿಯಾಗಿ ತಲೆ ಸುತ್ತಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು, ಮಾತ್ರೆಯಲ್ಲ. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟದ ಕಷ್ಟವಿದ್ದರೆ ಮಾತ್ರ ಕೂರಿಸಿ. ಅಲರ್ಜಿ ಇಲ್ಲದವರಿಗೂ ಹತ್ತಾರು ಕುಟುಕು ಬಿದ್ದಿದ್ದರೆ ಆಸ್ಪತ್ರೆ ಬೇಕು. ಅಷ್ಟು ವಿಷ ಸ್ನಾಯುಗಳನ್ನು, ರಕ್ತದ ಕಣಗಳನ್ನು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಮೊದಲ ದಿನ ಆರಾಮವಾಗಿದ್ದವರಿಗೆ ಎರಡನೇ ದಿನ ಮೂತ್ರ ಕಡಿಮೆಯಾಗಿ ಕೆಂಗಂದು ಬಣ್ಣಕ್ಕೆ ತಿರುಗಿದರೆ ಅದೇ ಸೂಚನೆ. ಬಾಯೊಳಗೆ, ಗಂಟಲಲ್ಲಿ ಒಂದೇ ಕುಟುಕಾದರೂ ಆಸ್ಪತ್ರೆಗೆ ಹೋಗಿ.

ಹುಳುವಿನ ಹೆಸರೇ ಬೇಕೆಂದರೆ ಮೊಬೈಲಿನಲ್ಲಿ ಮೂರು ಚಿತ್ರ ತೆಗೆಯಿರಿ: ಮೇಲಿನಿಂದ, ಮಗ್ಗುಲಿನಿಂದ, ಮುಖದ ಎದುರಿನಿಂದ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟರೆ ಗಾತ್ರ ತಿಳಿಯುತ್ತದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಲ್ಲಿ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಪತಂಗಗಳಿಗೆಂದೇ ಮಾತ್ಸ್ ಆಫ್ ಇಂಡಿಯಾ ತಾಣವಿದೆ. ಬೆಳೆಯ ಹುಳುವಾದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಸಾಕು.

ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋಗುವವರಿಗೆ ಈ ಪಟ್ಟಿ ನಡೆಯುವುದಿಲ್ಲ. ಅಮೆರಿಕದಲ್ಲಿ ಬೇಸಿಗೆಯ ಕೊನೆಗೆ ಪಾರ್ಕಿನ ಕಸದ ಡಬ್ಬಿ, ಸೋಡಾ ಕ್ಯಾನುಗಳಿಗೆ ಮುತ್ತುವ ಹಳದಿ ಕಣಜ ನೆಲದೊಳಗೆ ಗೂಡು ಮಾಡುತ್ತದೆ. ಕ್ಯಾನಿನೊಳಗೆ ನೋಡದೆ ಕುಡಿಯಬಾರದು. ಟೆಕ್ಸಾಸ್ ಕಡೆ ಹುಲ್ಲಿನ ಮಧ್ಯೆ ಸಡಿಲ ಮಣ್ಣಿನ ಗುಪ್ಪೆ ಕಂಡರೆ ಅದು ಬೆಂಕಿ ಇರುವೆಯದು, ಕುಟುಕಿದ ಮರುದಿನ ಬಿಳಿ ಕೀವಿನ ಗುಳ್ಳೆ ಏಳುತ್ತದೆ, ಒಡೆಯದೆ ಬಿಡಿ. ಕೊಲ್ಲಿ ದೇಶಗಳ ತೋಟಗಳಲ್ಲಿ ಸಂಸಂ ಎಂಬ ಕರಿ ಇರುವೆ ಅಲರ್ಜಿಗೆ ಕುಖ್ಯಾತ. ಈ ಹಿಂದೆ ಕುಟುಕಿಗೆ ಮೈಯೆಲ್ಲ ದದ್ದೆದ್ದಿದ್ದವರು ಹೊರಡುವ ಮೊದಲೇ ಅಲರ್ಜಿ ವೈದ್ಯರನ್ನು ಕಂಡು, ಅಡ್ರಿನಾಲಿನ್ ಪೆನ್ ಬರೆಸಿಕೊಂಡರೆ ಅದನ್ನೂ ವೈದ್ಯರ ಚೀಟಿಯನ್ನೂ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ.